ತಣ್ಣಗಿದ್ದಾಗ ಸ್ಟಾರ್ಟ್ ಆಗ್ಬೇಕು, ಅಪ್ಪ

ಯಾರಿಗೂ ಇಲ್ಲ ಅನ್ನೋಕೆ ಬಾರದಿದ್ದ ನನ್ನ ಅಪ್ಪನಿಗೆ,

ಆ ಬಿಳಿ ಡೀಸೆಲ್ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದ ದಿನ ನೆನಪಿದೆಯಾ? ಏಳು ಸೀಟು, ಹಿಂದೆ ಉದ್ದಕ್ಕೆ ಜಾಗ, ಹೊಸ ಸೀಟ್ ಕವರ್ರು. ಶ್ರೀನಿವಾಸಪುರದ ದೊಡ್ಡಪ್ಪನ ಹಳೇ ಗಾಡಿ. "ಬಾನೆಟ್ ಎತ್ತಿ ನೋಡಿದ್ಯಾ ಅಪ್ಪ?" ಅಂದಿದ್ದಕ್ಕೆ ನನ್ನನ್ನೇ ಗದರಿದೆ. "ಅವರ ಮನೇಲಿ ಒಬ್ಬಟ್ಟಿನ ಊಟ ಮಾಡಿದೀನಿ ಕಣಮ್ಮ. ಕೈ ತೊಳ್ಕೊಂಡು ಬಂದು ನಿಮ್ಮ ಗಾಡಿ ಕೆಟ್ಟಿದೆಯಾ ಅಂತ ಕೇಳೋಕಾಗುತ್ತಾ?" ಆಗುತ್ತೆ ಅಪ್ಪ. ಕೇಳ್ಬೇಕಿತ್ತು.

ನಿನಗೆ ಎದೆನೋವು ಬಂದ ಬೆಳಗ್ಗೆ ಹಿತ್ತಲು ಕಾಣದಷ್ಟು ಮಂಜಿತ್ತು. ಕೀ ತಿರುಗಿಸಿದೆ, ಮತ್ತೆ ತಿರುಗಿಸಿದೆ. ಇಂಜಿನ್ ಕೆಮ್ಮಿ ಕೆಮ್ಮಿ ಸುಮ್ಮನಾಯ್ತು. ನೀನು ಹಿಂದಿನ ಸೀಟಲ್ಲಿ ಮಲಗಿ "ಪರವಾಗಿಲ್ಲಮ್ಮ, ನಿಧಾನ" ಅಂತಿದ್ದೆ. ವಕ್ಕಲೇರಿಯಿಂದ ಆಟೋ ಬರೋ ಹೊತ್ತಿಗೆ... ಬೇಡ ಬಿಡು. ಅಮ್ಮ ಅದನ್ನ ಹಣೆಬರಹ ಅಂತಾಳೆ. ಎಂಥ ಹಣೆಬರಹ? ನೋಡದೆ ತಗೊಂಡ ಗಾಡಿ, ಅಷ್ಟೇ.

ಹೋದ ವರ್ಷ ಅಮ್ಮನ ಕಾಲು ಊದಿಕೊಂಡಾಗ ಕೋಲಾರದ ಡಾಕ್ಟರು ಕಿಡ್ನಿ ಹೋಗಿದೆ ಅಂದ್ರು. ಈಗ ವಾರಕ್ಕೆ ಎರಡು ದಿನ ಡಯಾಲಿಸಿಸ್, ಬೆಳಗ್ಗೆ ಏಳಕ್ಕೆ ಅಲ್ಲಿರಬೇಕು. ಬಸ್ಸಲ್ಲಿ ನಿಂತ್ಕೊಂಡು ಹೋಗಿ ಹೋಗಿ ಹಣ್ಣಾಗಿದಾಳೆ. ನಾನೇ ಒಂದು ಗಾಡಿ ತಗೋತೀನಿ ಅಂದೆ. ಅಮ್ಮ ಏನಂದ್ಲು ಗೊತ್ತಾ? "ನಮ್ಮೋರ ಹತ್ರಾನೇ ತಗೊಳೇ. ದೊಡ್ಡಪ್ಪನ ಹತ್ರ ಇನ್ನೊಂದು ಇದೆಯಂತೆ." ನನಗೆ ಮೈಯೆಲ್ಲ ಉರಿದುಹೋಯ್ತು. ಆದರೂ ಸರಿ ಅಂದೆ. ನೋಡೇಬಿಡೋಣ ಅಂತ.

ಹೋಗೋ ಮುಂಚೆ ಎರಡು ಭಾನುವಾರ ಮಾಲೂರಿನ ಡೀಸೆಲ್ ಮೆಕ್ಯಾನಿಕ್ ಪಾಷಾ ಭಾಯ್ ಶೆಡ್ಡಲ್ಲಿ ಕೂತು ಕಲಿತೆ. "ಬಿಸಿ ಇದ್ದಾಗ ಎಲ್ಲಾ ಇಂಜಿನ್ನೂ ಒಳ್ಳೇದೇ ಅಕ್ಕ. ತಣ್ಣಗಿದ್ದಾಗ ಸ್ಟಾರ್ಟ್ ಮಾಡ್ಸು" ಅಂದ್ರು. ಡೀಸೆಲ್ ಗಾಡೀಲಿ ಆಯಿಲ್ ಕಪ್ಪಗಿದ್ರೆ ಹೆದರಬೇಕಿಲ್ಲವಂತೆ. ಮುಚ್ಚಳದ ಒಳಗೆ ಹಾಲು ಬೆರೆಸಿದ ಹಾಗೆ ಕಂಡ್ರೆ ನೀರು ಸೇರಿದೆ ಅಂತ, ಎದ್ದು ಬರಬೇಕು. ಹೊಗೆ ನೀಲಿಯಾದ್ರೆ ಆಯಿಲ್ ಸುಡ್ತಿದೆ. ಕಾಲಡಿಯ ಮ್ಯಾಟ್ ಎತ್ತಿ ತುಕ್ಕು ನೋಡಬೇಕು, ಆರ್‌ಸಿಲಿರೋ ಚಾಸಿ ನಂಬರ್ ಗಾಡಿ ಮೇಲಿನ ನಂಬರಿಗೆ ತಾಳೆ ಆಗುತ್ತಾ ನೋಡಬೇಕು. ಕಷ್ಟದ ವಿದ್ಯೆ ಏನಲ್ಲ ಅಪ್ಪ. ಬಾಯಿ ಬಿಟ್ಟು ಕೇಳೋಕೆ ಧೈರ್ಯ ಬೇಕು.

ದೊಡ್ಡಪ್ಪನ ಅಂಗಳಕ್ಕೆ ಹೋದವಳೇ ಬಾನೆಟ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು! ನಾನು ಬರೋದು ಗೊತ್ತಾಗಿ ಆಗಲೇ ಒಂದು ಸುತ್ತು ಓಡಿಸಿ ತಂದಿದ್ರು. "ಏಮ್ಮಾ, ಮೊದಲು ಕಾಫಿ ತಾಗು" ಅಂದ್ರು ತಮ್ಮ ಅರ್ಧ ತೆಲುಗಲ್ಲಿ. "ಆಮೇಲೆ ದೊಡ್ಡಪ್ಪ. ಇಂಜಿನ್ ಆರಲಿ" ಅಂತ ಮಾವಿನ ಮರದ ಕೆಳಗೆ ಕೂತುಬಿಟ್ಟೆ. ದೊಡ್ಡಮ್ಮ ಮೂರು ಸಲ ಲೋಟ ಹಿಡ್ಕೊಂಡು ಬಂದ್ರು, ಮೂರು ಸಲಾನೂ ಬೇಡ ಅಂದೆ. ನಾಚಿಕೆ ಆಗಲಿಲ್ವಾ ಅಂತೀಯಾ? ಆಯ್ತು. ಆದ್ರೂ ಮಧ್ಯಾಹ್ನದವರೆಗೆ ಕೂತೆ.

ಆಮೇಲೆ ಸ್ಟಾರ್ಟ್ ಮಾಡಿಸಿದ್ರೆ ಅಂಗಳ ತುಂಬ ನೀಲಿ ಹೊಗೆ. ಆಯಿಲ್ ಮುಚ್ಚಳ ತೆಗೆದ್ರೆ ಒಳಗಿಂದ ಕುಕ್ಕರ್ ಥರ ಪುಸ್ ಪುಸ್, ಇಂಜಿನ್ ಒಳಗೆಲ್ಲ ಸವೆದುಹೋಗಿದೆ. "ಬೇಡ ದೊಡ್ಡಪ್ಪ" ಅಂದೆ. ಅವರಿಗೆ ರೋಷ ಬಂತು. "ಆವತ್ತು ನಿಮ್ಮಪ್ಪನೂ ಹೊಗೆ ನೋಡ್ದ. ಒಂದು ಮಾತು ಆಡ್ಲಿಲ್ಲ. ಅವನು ಮನುಷ್ಯ!"

ನೋಡಿದ್ಯಾ ಅಪ್ಪ? ಹೊಗೆ ನೋಡಿದ್ಯಾ? ಇಷ್ಟು ವರ್ಷ ನಮ್ಮಪ್ಪನಿಗೆ ಗಾಡಿ ವಿಷಯ ತಿಳೀತಿರಲಿಲ್ಲ, ಪಾಪ, ಅಂತ ನಂಬ್ಕೊಂಡಿದ್ದೆ. ತಿಳಿದಿತ್ತು. ಅಣ್ಣನ ಮುಖ ಸಣ್ಣದಾಗಬಾರದು ಅಂತ ಗೊತ್ತಿದ್ದೂ ಗೊತ್ತಿದ್ದೂ ಆ ದರಿದ್ರ ಗಾಡಿ ಮನೆಗೆ ತಂದೆ. ನಾವು ಯಾರೂ ನೆನಪಾಗಲಿಲ್ವಾ ನಿನಗೆ? "ಅಪ್ಪ ಸುಮ್ಮನಿದ್ದಿದ್ದಕ್ಕೇ ಇವತ್ತು ಇಲ್ಲ ದೊಡ್ಡಪ್ಪ" ಅಂದುಬಿಟ್ಟೆ, ಎಲ್ಲರ ಎದುರಿಗೆ. ಬಸ್ ಸ್ಟ್ಯಾಂಡ್ ತನಕ ಅಳ್ತಾ ಬಂದೆ, ಬೈಕೊಳ್ತಾನೂ ಬಂದೆ. ನಿನ್ನನ್ನೇ. ಕ್ಷಮಾಪಣೆ ಕೇಳು ಅಂತ ನೆಂಟರೆಲ್ಲ ಫೋನ್ ಮಾಡ್ತಿದಾರೆ. ಕೇಳಲ್ಲ. ನೀನು ಎದ್ದು ಬಂದು ಹೇಳಿದ್ರೂ ಕೇಳಲ್ಲ.

ಲಕ್ಕೂರಿನಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರ ಗಾಡಿ ಸಿಕ್ತು, ಹಳೇದೇ, ಡೀಸೆಲ್ಲೇ. "ನಿನ್ನೆಯಿಂದ ಮುಟ್ಟಿಲ್ಲಮ್ಮ, ನೀನೇ ಸ್ಟಾರ್ಟ್ ಮಾಡು" ಅಂತ ಕೀ ಕೊಟ್ರು. ಕ್ಲಚ್ ಗಟ್ಟಿ, ಎಡಗಡೆ ಬಾಗಿಲು ಜೋರಾಗಿ ಹಾಕ್ಬೇಕು ಅಂತ ನಾನು ಎರಡು ತಪ್ಪು ಹುಡುಕಿದ್ರೆ, ನನಗೆ ಕಾಣದ ಇನ್ನೆರಡು ಅವರೇ ತೋರಿಸಿದ್ರು. ನೆಂಟರಲ್ಲ ನೋಡು, ಮುಚ್ಚಿಡೋಕೆ!

ಈ ಸೋಮವಾರ ಬೆಳಗ್ಗೆ ಚಳಿ ಜೋರಿತ್ತು. ಅಮ್ಮ ಶಾಲು ಹೊದ್ಕೊಂಡು ಮುಂದೆ ಕೂತ್ಲು, ಕಣ್ಣು ಮುಚ್ಚಿ ಏನೋ ಬೇಡ್ಕೊಳ್ತಿದ್ಲು. ಕೀ ತಿರುಗಿಸಿದೆ. ಒಂದೇ ಸಲಕ್ಕೆ ಹಿಡೀತು. ಆವತ್ತು ನಿನ್ನನ್ನ ತಲುಪಿಸಬೇಕಿದ್ದ ಅದೇ ಆಸ್ಪತ್ರೆ ಗೇಟಿನ ಮುಂದೆ ನಿಲ್ಲಿಸಿ ಟೈಮ್ ನೋಡಿದೆ. ನಮ್ಮ ಬಾಗಿಲಿಂದ ಅಲ್ಲಿಗೆ ಇಪ್ಪತ್ತೈದು ನಿಮಿಷ ಅಪ್ಪ. ಇಪ್ಪತ್ತೈದೇ ನಿಮಿಷ.

ನಿನ್ನ ಮಗಳು