ಬಲಗಣ್ಣಿಗೆ ಕಂಡ ಕಪ್ಪು

ಮಾರ್ಚ್ 3

ಬರೆಯಬೇಕಂತೆ. ಕಣ್ಣಿನ ಡಾಕ್ಟರಮ್ಮನ ಆಜ್ಞೆ. ಪೊರೆ ತೆಗೆದು ಆಪರೇಷನ್ ಆದ ಬಲಗಣ್ಣಿಗೆ ಏನು ಕಾಣುತ್ತದೆ, ಆಗದ ಎಡಗಣ್ಣಿಗೆ ಏನು ಕಾಣುತ್ತದೆ, ದಿನಾ ಬರೆದಿಡಬೇಕು. ನಾನೇನೂ ಓದುವುದಿಲ್ಲ, ಮುಂದಿನ ಸಲ ನೀವೇ ನೋಡಿಕೊಂಡು ಹೇಳಿದರೆ ಸಾಕು ಎಂದಳು. ಓದುವವರೇ ಇಲ್ಲದ ಮೇಲೆ ಬರೆಯುವುದು ಯಾವ ಸುಖಕ್ಕೆ? ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಈ ಕೈ ಪಾಲಿಶ್ ಬಟ್ಟೆ ಹಿಡಿದಷ್ಟು ಪೆನ್ನು ಹಿಡಿದಿಲ್ಲ. ಹೆಂಡತಿ ಎದುರಿಗೇ ಕೂತಿದ್ದಾಳೆ — ಕಾವಲು.

ಸರಿ, ತಗೊಳ್ಳಿ. ಎಡಗಣ್ಣಿಗೆ ಗೋಡೆ ಹಳದಿ. ಬಲಗಣ್ಣಿಗೆ ಅದೇ ಗೋಡೆ ಬಿಳಿ.

"ಇದಕ್ಕೆ ಯಾವಾಗ ಬಣ್ಣ ಹೊಡೆಸಿದೆ?" ಕೇಳಿದೆ.

"ಅದು ಮೊದಲಿಂದ್ಲೂ ಬಿಳೀನೇ ರೀ. ಕಾಮಾಲೆ ಆದವನಿಗೆ ಊರೆಲ್ಲ ಹಳದಿ ಅಂತಾರಲ್ಲ, ಹಂಗಾಗಿತ್ತು ನಿಮ್ಮ ಕಥೆ."

"ನಿನ್ನ ತಲೇನೂ ಬಿಳಿಯಾಗಿದೆ."

"ಆಪರೇಷನ್ ಮಾಡಿಸಿದ್ದೇ ತಪ್ಪಾಯ್ತು."

ಮಾರ್ಚ್ 5

ಅಂಗಡಿಗೆ ಹೋಗುವ ಹಾಗಿಲ್ಲ. ಧೂಳು ಕೂಡದು, ಬಗ್ಗಕೂಡದು, ಭಾರ ಎತ್ತಕೂಡದು. ಉಸಿರಾಡಬಹುದೋ ಏನೋ, ಕೇಳಲಿಲ್ಲ.

ಗಾಡಿ ಪಾಲಿಶ್ ಮಾಡುವ ಅಂಗಡಿ. ಹಾಕಿದವನು ನಾನು, ಈಗ ನಡೆಸುವವಳು ಸೊಸೆ. ಮಗನಿಗೆ ಈ ಕೆಲಸ ಒಲಿಯಲಿಲ್ಲ. ಗಿರಾಕಿಗಳ ಮನೆಯಿಂದ ಗಾಡಿ ತರುವುದು, ಬಿಡುವುದು ಅವನ ಪಾಲು. ಸೊಸೆಯ ಕೈಗೆ ಮಶೀನು ಕೊಟ್ಟು ಕಲಿಸಿದವನು ನಾನೇ. ಬೈದೇ ಕಲಿಸಿದೆ. ಒಂದು ದಿನವೂ ಎದುರಾಡಲಿಲ್ಲ.

ಫೋನು ಮಾಡಿದ್ದಳು. "ಮಾವ, ಆರಾಮಾಗಿ ಮನೇಲಿರಿ. ಹೇಗಿದ್ರೂ ಬರೋದೆಲ್ಲ ಬಿಳಿ ಗಾಡಿಗಳೇ."

ಅದೂ ನಿಜ. ಎರಡು ವರ್ಷವಾಯಿತು, ನನ್ನ ಕೈಗೆ ಬರುವುದೆಲ್ಲ ಬಿಳಿ, ಇಲ್ಲವೇ ಬೆಳ್ಳಿ ಬಣ್ಣ. ಜನರಿಗೆ ಬಣ್ಣದ ರುಚಿಯೇ ಕೆಟ್ಟಿದೆ. ಒಂದೋ ಎರಡೋ ಕಪ್ಪು ಬಂದರೆ ಅವಳೇ ಒಳಗಿನ ಶೆಡ್ಡಿಗೆ ತೆಗೆದುಕೊಂಡು ಹೋಗುತ್ತಾಳೆ. ಹುರುಪು ಹೆಚ್ಚು. ಇರಲಿ ಎಂದು ಬಿಟ್ಟಿದ್ದೇನೆ.

ಮಾರ್ಚ್ 8, ಮಧ್ಯಾಹ್ನ

ಮನೆಯಲ್ಲಿ ಇರಲಾಗಲಿಲ್ಲ. ಹೋದೆ.

ಒಳಗಿನ ಶೆಡ್ಡಿನಲ್ಲಿ ಒಂದು ಸ್ಪೋರ್ಟ್ಸ್ ಕಾರು. ಕಪ್ಪು. ನನ್ನ ಸೊಂಟಕ್ಕೂ ಬರುವುದಿಲ್ಲ, ನೆಲಕ್ಕೆ ಮೂಗು ಉಜ್ಜಿಕೊಂಡು ನಿಂತಿದೆ. ಒಬ್ಬ ಹಲ್ಲಿನ ಡಾಕ್ಟರ್ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದಂತೆ. ಹಲ್ಲಿದ್ದವನಿಗೆ ಕಡಲೆಯಿಲ್ಲ ಅನ್ನುವ ಮಾತು ಇವನ ಮಟ್ಟಿಗೆ ಸುಳ್ಳು.

ಎಡಗಣ್ಣಲ್ಲಿ ನೋಡಿದೆ. ಚೆನ್ನಾಗಿಯೇ ಇದೆಯಲ್ಲ, ಇದಕ್ಕೇನು ಪಾಲಿಶ್ ಅನ್ನಿಸಿತು. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದೆ.

ಅಯ್ಯಪ್ಪಾ.

ಬಾನೆಟ್ಟಿನ ತುಂಬ ಜೇಡರ ಬಲೆ. ಲೈಟಿನ ಸುತ್ತ ಸುತ್ತಿಕೊಂಡಿದೆ. ನಾನು ಸರಿದರೆ ಅದೂ ನನ್ನ ಜೊತೆ ಸರಿಯುತ್ತದೆ. ಯಾರೋ ಪುಣ್ಯಾತ್ಮ ಒಣಬಟ್ಟೆಯಲ್ಲಿ ವರ್ಷಗಟ್ಟಲೆ ಉಜ್ಜಿ ಉಜ್ಜಿ ಎಳೆದ ಗೆರೆಗಳು. ಆ ಕಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದೆ — ಮಾಯ. ತೆರೆದೆ — ಹಾಜರ್. ಎಷ್ಟು ಹೊತ್ತು ಹಾಗೆ ಮಾಡುತ್ತಾ ನಿಂತಿದ್ದೆನೋ.

"ಮಾವ, ಗಾಡಿಗೆ ಕಣ್ಣು ಹೊಡೀತಿದೀರಾ?" ಎಂದಳು ಸೊಸೆ.

ಮಾರ್ಚ್ 9

ಇವತ್ತೂ ಹೋದೆ. ಸ್ಟೂಲ್ ಹಾಕಿ ಕೂರಿಸಿದಳು. ಮುಟ್ಟಕೂಡದು ಎಂಬ ಷರತ್ತು.

ತೊಳೆದಳು. ಅಂಚುಗಳಿಗೆ ಟೇಪು ಅಂಟಿಸಿದಳು. ಅಂಚಿನಲ್ಲಿ ಬಣ್ಣ ತೆಳ್ಳಗಿರುತ್ತದೆ, ಮಶೀನು ತಾಗಿದರೆ ತಗಡು ಇಣುಕುತ್ತದೆ. ಪಾಲಿಶ್ ಅಂದರೆ ಜನ ಏನೋ ಬಳಿಯುವುದು ಎಂದುಕೊಂಡಿದ್ದಾರೆ. ಬಳಿಯುವುದು ಏನೂ ಇಲ್ಲ. ಗೆರೆಯ ಬುಡದವರೆಗೆ ಮೇಲಿನ ಪದರವನ್ನು ತೆಗೆಯುವುದು. ತೆಗೆದದ್ದು ಮತ್ತೆ ಬರುವುದಿಲ್ಲ.

ಬಾನೆಟ್ಟಿನಲ್ಲಿ ಒಂದು ಗೇಣು ಜಾಗಕ್ಕೆ ಗಡಿಯಾಗಿ ಟೇಪು ಹಚ್ಚಿ, ಮೊದಲು ಅಷ್ಟಕ್ಕೇ ಮಶೀನು ಆಡಿಸಿದಳು. ಬಟ್ಟೆಯಲ್ಲಿ ಒರೆಸಿದಳು. ಎಡಗಣ್ಣು ಮುಚ್ಚಿಕೊಂಡು ಬಗ್ಗಿದೆ... ಬಗ್ಗಕೂಡದು, ಗೊತ್ತು.

ಹೇಗೆ ಬರೆಯಲಿ. ಟೇಪಿನ ಈಚೆ ಬೂದಿ ಬಳಿದ ಹಾಗಿದೆ. ಆಚೆ ಬಾವಿ. ಟ್ಯೂಬ್‌ಲೈಟು ಎಷ್ಟೋ ಮಾರು ಕೆಳಗೆ ಬಿದ್ದುಕೊಂಡಿದೆ. ಕೈ ಇಟ್ಟರೆ ಮೊಣಕೈವರೆಗೆ ಒಳಗೆ ಹೋದೀತು ಅನ್ನಿಸಿತು. ಇಡೀ ಆಯುಷ್ಯ ಇದೇ ಕೆಲಸ ಮಾಡಿದ್ದೇನೆ. ಕಪ್ಪು ಇಷ್ಟು ಕಪ್ಪಗಿರುತ್ತದೆ ಅನ್ನುವುದೇ ಮರೆತುಹೋಗಿತ್ತು. ಎಡಗಣ್ಣಿಗೆ ಅದು ಸುಟ್ಟ ಎಣ್ಣೆಯ ಬಣ್ಣ.

ಮುಖ ಆಚೆ ತಿರುಗಿಸಿ "ಮಶೀನಿನ ಪ್ಯಾಡು ತೊಳಿ, ಗಲೀಜಾಗಿದೆ" ಎಂದೆ.

"ಈಗಷ್ಟೇ ಹೊಸದು ಹಾಕಿದೀನಿ ಮಾವ."

ಮಾರ್ಚ್ 10, ಸಂಜೆ 5

ಮಾಡಿಬಿಟ್ಟೆ.

ಸೊಸೆ ಸಾಮಾನು ತರಲು ಹೋಗಿದ್ದಳು. ಮಗ ಗಾಡಿ ಬಿಡಲು ಹೋಗಿದ್ದ. ಡಿಕ್ಕಿ ಒಂದು ಉಳಿದಿತ್ತು. ಡಾಕ್ಟರಮ್ಮನ ಮಾತು ಮೀರಲಿಲ್ಲ — ಧೂಳು ಬೀಳದ ಹಾಗೆ ಬಲಗಣ್ಣಿಗೆ ಆಸ್ಪತ್ರೆಯವರು ಕೊಟ್ಟ ಮುಚ್ಚಳ ಹಾಕಿ, ಮೇಲೆ ಪಟ್ಟಿ ಸುತ್ತಿಕೊಂಡೆ. ಮಶೀನು ಎತ್ತಿದೆ. ಕೈಗೆ ನೆನಪಿದೆ ಎಲ್ಲ. ಎಡ, ಬಲ, ಅಡ್ಡ, ಉದ್ದ. ಒರೆಸಿ ನೋಡಿದೆ. ಕನ್ನಡಿ. ಒಂದು ಗೆರೆಯಿಲ್ಲ.

ಸೊಸೆ ಬಂದು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಡಿಕ್ಕಿ ನೋಡಿದಳು, ನನ್ನ ಪಟ್ಟಿ ನೋಡಿದಳು.

"ಚೆನ್ನಾಗಿದೆ ಮಾವ. ಮನೆಗೆ ಹೋಗಿ ಡ್ರಾಪ್ಸ್ ಹಾಕ್ಕೊಳ್ಳಿ" ಎಂದಳು.

ಮುದುಕನಾದರೂ ಕೈ ಮುದಿಯಾಗಿಲ್ಲ. ಹೆಂಡತಿಗೆ ಹೇಳಲಿಲ್ಲ.

ಮಾರ್ಚ್ 11, ಬೆಳಿಗ್ಗೆ

ನನ್ನ ಡಿಕ್ಕಿಯನ್ನು ಹೊಸ ಕಣ್ಣಲ್ಲಿ ನೋಡುವ ಆಸೆ. ಬೇಗ ಹೋದೆ. ಶೆಡ್ಡಿನಲ್ಲಿ ಮಶೀನಿನ ಸದ್ದು.

ಸೊಸೆ. ನನ್ನ ಡಿಕ್ಕಿಯ ಮೇಲೆಯೇ. ಅರ್ಧ ಮುಗಿಸಿದ್ದಳು. ಉಳಿದ ಅರ್ಧ ನನ್ನದು. ಲೈಟು ಅದರ ಮೇಲೇ ಬಿದ್ದಿತ್ತು. ಮಂಜು ಮಂಜು. ನನ್ನ ಕೈ ಹೋದಲ್ಲೆಲ್ಲ ಹಾವು ಹರಿದ ಗುರುತು. ಅಷ್ಟು ನಿಚ್ಚಳವಾಗಿ ಕಂಡಿತು, ಹಾಳು ಬಲಗಣ್ಣಿಗೆ.

ಅವಳು ನನ್ನನ್ನು ನೋಡಿ ಮಶೀನು ನಿಲ್ಲಿಸಿದಳು.

"ಎಷ್ಟು ದಿನದಿಂದ?" ಕೇಳಿದೆ.

"ಏನು ಮಾವ?"

"ನನ್ನ ಕೆಲಸದ ಮೇಲೆ ನಿನ್ನ ಕೆಲಸ."

ಪ್ಯಾಡನ್ನು ಬೆರಳಲ್ಲಿ ಕೆರೆಯುತ್ತಾ ನಿಂತಳು. "ಎರಡು ವರ್ಷ ಆಯ್ತು. ಬಿಳಿ ಗಾಡಿಗಳಲ್ಲಿ ತಿದ್ದೋದು ಬೇಕಾಗ್ತಿರಲಿಲ್ಲ. ಅದರಲ್ಲಿ ಯಾರಿಗೂ ಕಾಣಲ್ಲ."

ಹಾಗಾದರೆ ಜನರ ರುಚಿ ಕೆಟ್ಟಿರಲಿಲ್ಲ. ಬಿಳಿಯನ್ನೆಲ್ಲ ಆರಿಸಿ ಆರಿಸಿ ನನ್ನ ಮುಂದೆ ನಿಲ್ಲಿಸಿದವಳು ಇವಳು.

"ಬಾಯಿರಲಿಲ್ವಾ ನಿಂಗೆ? ಮುಖಕ್ಕೇ ಹೇಳೋಕಾಗ್ತಿರಲಿಲ್ವಾ?"

"ಹೇಳಿದ್ರೆ ನೀವು ಅಂಗಡಿಗೆ ಬರೋದೇ ಬಿಟ್ಬಿಡ್ತಿದ್ರಿ."

"ಈಗಲೂ ಬಿಡ್ತೀನಿ" ಎಂದು ಬಂದುಬಿಟ್ಟೆ.

ಮಾರ್ಚ್ 14

ಎರಡು ದಿನ ಏನೂ ಬರೆಯಲಿಲ್ಲ. ಎರಡೂ ಕಣ್ಣಿಗೆ ಗೋಡೆ ಕಂಡಿತು. ಬರೆಯುವುದೇನು.

ಹೆಂಡತಿಗೆ ಎಲ್ಲ ಗೊತ್ತಿತ್ತಂತೆ. "ಗುರುವಿಗೇ ತಿರುಮಂತ್ರ" ಎಂದು ಗೊಣಗಿದೆ. "ಮಂತ್ರ ಅಲ್ಲ ರೀ, ಮರ್ಯಾದೆ. ನಿಮ್ಮ ಮಾನ ಮುಚ್ಚೋಕೆ ಆ ಹುಡುಗಿ ಎರಡು ಪಟ್ಟು ದುಡಿದಿದ್ದಾಳೆ. ಊದಿಕೊಂಡು ಕೂತಿದೀರಲ್ಲ" ಎಂದಳು.

ಇವತ್ತು ಮಗ ಬಂದ. ಹಲ್ಲಿನ ಡಾಕ್ಟರ್ ಗಾಡಿ ಒಯ್ಯಲು ಬರುತ್ತಾರೆ, ನೀವಿಲ್ಲದೆ ಬಿಸಿಲಿಗೆ ತೆಗೆಯುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಾಳೆ ಎಂದ. ಕಪ್ಪಿಗೆ ಬಿಸಿಲೇ ಪರೀಕ್ಷೆ. ಶೆಡ್ಡಿನ ಲೈಟಿನಡಿ ಮುಚ್ಚಿಟ್ಟದ್ದೆಲ್ಲ ಸೂರ್ಯ ಬಿಚ್ಚಿಹಾಕುತ್ತಾನೆ. ಅದನ್ನು ಅವಳಿಗೆ ಹೇಳಿಕೊಟ್ಟವನೂ ನಾನೇ.

ಹೋದೆ. ಅವಳು ಗಾಡಿಯನ್ನು ಮೆಲ್ಲಗೆ ಹೊರಗೆ ತಂದಳು.

ತಪ್ಪು ಹುಡುಕಲೆಂದೇ ಬಲಗಣ್ಣು ತೆರೆದುಕೊಂಡು ಸುತ್ತ ನಡೆದೆ. ಬಾನೆಟ್ಟು. ಬಾಗಿಲು. ಟಾಪು. ಡಿಕ್ಕಿ. ಆಕಾಶ ಇಡಿಯಾಗಿ ಇಳಿದು ಬಂದು ಅದರಲ್ಲಿ ಮಲಗಿತ್ತು. ಒಂದು ಹಕ್ಕಿ ಬಾಗಿಲಿನಲ್ಲಿ ಹಾರಿ ಬಾನೆಟ್ಟಿನಲ್ಲಿ ಹೊರಬಿತ್ತು, ಅದರ ಬಿಂಬ ಎಲ್ಲಿಯೂ ಮುರಿಯಲಿಲ್ಲ. ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ಒಣಹಾಕಿದ ಅಂಗಿಯ ಗುಂಡಿ ಎಣಿಸಬಹುದಿತ್ತು. ನನ್ನ ಕೈ ಚುರುಕಾಗಿದ್ದ ಕಾಲದಲ್ಲೂ ನಾನು ಇಂಥದ್ದನ್ನು ಮಾಡಿಲ್ಲ. ಸುಳ್ಳು ಯಾಕೆ ಬರೆಯಲಿ. ಮಾಡಿಲ್ಲ. ಇದು ಮನುಷ್ಯರ ಕೈ ಮಾಡುವ ಕೆಲಸ ಎಂದು ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಹಲ್ಲಿನ ಡಾಕ್ಟರಿಗೆ ಬಾಯಿ ಮುಚ್ಚಲಿಲ್ಲ. ಎಲ್ಲರ ಬಾಯಿ ನೋಡುವವನ ಬಾಯಿ ನಾವು ನೋಡಿದೆವು. "ಇದನ್ನ ಓಡಿಸೋದು ಹೇಗೆ? ಧೂಳು ಕೂರುತ್ತಲ್ಲ..." ಎಂದ.

ಸೊಸೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೂಂ" ಎಂದೆ. ಅಷ್ಟೇ ಬಂತು. ಅದಕ್ಕೇ ಅವಳ ಕಣ್ಣು ತುಂಬಿದ್ದೇಕೆ, ಗೊತ್ತಿಲ್ಲ.

ಮಾರ್ಚ್ 16, ಬೆಳಿಗ್ಗೆ 6

ಇಪ್ಪತ್ತಕ್ಕೆ ಇನ್ನೊಂದು ಕಪ್ಪು ಬರುತ್ತದಂತೆ. ಮಗ ಹೇಳಿದ.

ಈ ಪುಟ ಹರಿದು ಸೊಸೆಯ ಮೇಜಿನ ಮೇಲೆ ಇಡುತ್ತೇನೆ. ಎದುರು ನಿಂತರೆ ಬೈಗುಳ ಬಿಟ್ಟು ಬೇರೆ ಬಾಯಿಗೆ ಬರುವುದಿಲ್ಲ, ಅದಕ್ಕೆ.

ನೋಡಮ್ಮ. ಬಿಳಿ ಗಾಡಿ ನನಗೆ ಬೇಡ. ಕಾಣದ ಕೆಲಸ ಮಾಡಿ ಭೇಷ್ ಅನ್ನಿಸಿಕೊಳ್ಳುವ ಕರ್ಮ ನನಗಿಲ್ಲ. ಬರುವ ಕಪ್ಪಿನಲ್ಲಿ ಒಂದು ಬಾಗಿಲು ನನ್ನದು. ಪಟ್ಟಿಯಿಲ್ಲ, ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡು ಬಲಗಣ್ಣಲ್ಲೇ ಮಾಡುತ್ತೇನೆ. ಡಾಕ್ಟರಮ್ಮನನ್ನು ನಾನೇ ಕೇಳುತ್ತೇನೆ. ನೀನು ಪಕ್ಕದಲ್ಲಿ ನಿಲ್ಲು. ಕೈ ತಪ್ಪಿದರೆ ಅಲ್ಲೇ ಹೇಳು, ನಾನು ನಿನಗೆ ಹೇಳುತ್ತಿದ್ದ ಹಾಗೆ. ನನ್ನ ಬೆನ್ನ ಹಿಂದೆ ತಿದ್ದಿದರೆ ಬಣ್ಣ ಎರಡು ಸಲ ಸವೆಯುತ್ತದೆ, ನಾನೂ ಸವೆಯುತ್ತೇನೆ.

ಆಗುತ್ತದೆ ಅನ್ನು, ಇಲ್ಲ ಆಗುವುದಿಲ್ಲ ಅನ್ನು. ನೋಡೋಣ ಮಾವ ಅನ್ನಬೇಡ. ಹದಿನೆಂಟನೇ ತಾರೀಖಿನೊಳಗೆ ಉತ್ತರ ಬೇಕು.