ಎರಡನೆಯ ಹೆಡ್‌ಫೋನ್

ಮನೆಯೊಡತಿಗೆ,

ಒಂದೇ ಸೂರಿನಡಿ ಇದ್ದುಕೊಂಡು ಪತ್ರ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಇತ್ತೀಚೆಗೆ ನಾನು ಕರೆದರೆ ನಿನಗೆ ಕೇಳಿಸುವುದಿಲ್ಲವಾದ್ದರಿಂದ ಬೇರೆ ದಾರಿ ತೋಚಲಿಲ್ಲ.

ನೀನು ಪಾಠ ಹೇಳುವ ಶಾಲೆಯ ಸಂಗೀತದ ಮೇಷ್ಟ್ರು ತಂದುಕೊಟ್ಟ ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ದೋಷವೇನೂ ಇಲ್ಲ, ಬಿಚ್ಚಿ ನೋಡಿದ್ದೇನೆ. ಆದರೆ ನೀವಿಬ್ಬರೂ ಹೆಡ್‌ಫೋನ್ ಹಾಕಿಕೊಂಡು ನುಡಿಸುವಾಗ, ಚಹಾ ತಂದ ನನಗೆ ಕೇಳಿಸುವುದು ಕೀಗಳ ಟಕಟಕ ಸದ್ದು ಮತ್ತು ನಿಮ್ಮ ನಗು ಮಾತ್ರ. ಏನು ನುಡಿಸಿದಿರೆಂದು ನಿನ್ನೆ ಕೇಳಿದ್ದಕ್ಕೆ ಅವರು, "ನಿಮಗ್ಯಾಕೆ ಸಾರ್ ಈ ಉಸಾಬರಿ? ನೀವು ಹಳೇ ಪೆಟ್ಟಿಗೆಗಳ ಡಾಕ್ಟ್ರು. ಇದಕ್ಕೆ ಕಾಯಿಲೇನೇ ಬರಲ್ಲ!" ಎಂದರು. ನೀನೂ ನಕ್ಕೆ.

ನಾನು ರಿಪೇರಿ ಮಾಡುವ ಆ ಹಳೆಯ ವಾದ್ಯಪೆಟ್ಟಿಗೆಗಳ ಬಗ್ಗೆ ಒಂದು ಮಾತು ಹೇಳಬಹುದೇ? ಹಾರ್ಪ್ಸಿಕಾರ್ಡಿನಲ್ಲಿ ಕೀ ಒತ್ತಿದರೆ ಒಳಗಿನ ಕಡ್ಡಿ ತಂತಿಯನ್ನು ಮೀಟುತ್ತದೆ. ಎಷ್ಟು ಜೋರಾಗಿ ಒತ್ತಿದರೂ ಅದರ ದನಿ ಅಷ್ಟೇ. ಬೆರಳಿನ ಭಾರವನ್ನು ಇಡೀ ಸಭೆಗೆ ಕೇಳಿಸಿದ್ದು ಆಮೇಲೆ ಬಂದ ಪಿಯಾನೊ. ಹಾರ್ಪ್ಸಿಕಾರ್ಡಿನ ಓರಗೆಯ ಪುಟ್ಟ ಪೆಟ್ಟಿಗೆ ಕ್ಲಾವಿಕಾರ್ಡ್ ಮಾತ್ರ ಪಿಸುಗುಟ್ಟುತ್ತದೆ. ಪಕ್ಕದಲ್ಲಿ ಕುಳಿತವರಿಗಷ್ಟೇ ಚೆನ್ನಾಗಿ ಕೇಳಿಸುತ್ತದೆ. ಮದುವೆಯಾದ ಹೊಸತರಲ್ಲಿ ನನ್ನ ಕಾರ್ಯಾಗಾರದಲ್ಲಿ ನೀನು ಅದನ್ನೇ ನುಡಿಸುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದವನು ನಾನು.

ಎರಡು ವಿನಂತಿಗಳಿವೆ. ಕೀಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಬೇಡ. ಎರಡನೆಯ ಹೆಡ್‌ಫೋನಿನ ಪಟ್ಟಿ ಅವರ ತಲೆಯ ಅಳತೆಗಿತ್ತು. ಅದನ್ನು ನನ್ನ ತಲೆಗೆ ಹೊಂದಿಸಿ ತಿರುಪು ಬಿಗಿದಿದ್ದೇನೆ. ದಯವಿಟ್ಟು ಸಡಿಲಿಸಬೇಡ.

ಇಂದು ಸಂಜೆ ಚಹಾ ನಮ್ಮಿಬ್ಬರಿಗಷ್ಟೇ ಮಾಡುತ್ತೇನೆ.

ಇಂತಿ,
ಪಕ್ಕದ ಕೋಣೆಯಲ್ಲಿರುವ
ನಿನ್ನ ಗಂಡ