ತಾಮ್ರದ ತಗಡಿನ ಸರದಾರ

ಲಂಡನ್
ನವೆಂಬರ್ ೯, ೧೮೦೬

ಲವ್‌ಡೇ ಅಕ್ಕಾ,

ಹೇಗಿದೀಯ? ಭಾವನ ಕೆಮ್ಮು ಕಮ್ಮಿ ಆಯ್ತಾ? ಪುಟ್ಟ ಕೆರೆನ್ಸಾಗೆ ಹಲ್ಲು ಬಂತಾ? ಮೂರು ತಿಂಗಳಾದ್ರೂ ಉತ್ತರ ಇಲ್ಲ ಅಂತ ಬೈಬೇಡ ಕಣೇ. ಬರೆಯೋಕೆ ಕೂತ್ರೆ ಕಾಲು ನಿಲ್ಲಲ್ಲ, ಎದ್ದು ನದಿ ಕಡೆ ಹೊರಟುಬಿಡ್ತೀನಿ.

"ಅಪ್ಪ ಹೋಗಿ ವರ್ಷ ಆಗ್ತಾ ಬಂತು, ಮುಖ ಮರೀತಿದೀನಿ ಕಣೋ. ಚಿತ್ರ ಕೊರೆಯೋನು ನೀನು, ಒಂದು ಮಾಡಿ ಕಳಿಸು" ಅಂದಿದ್ದೆಯಲ್ಲ. ಮಾಡಿದೀನಿ ಅಕ್ಕಾ. ಊರೆಲ್ಲಾ ಮಾರಾಟಾನೂ ಆಗಿದೆ.

ನಮ್ಮ ಧಣಿ ಗಿಡ್ಲಿ ಹಳೇ ಕಾಲದ ಸರದಾರರ ಚಿತ್ರ ಅಚ್ಚು ಹಾಕಿ ಮಾರ್ತಾರಲ್ಲ, ಅಪ್ಪನ ಸಾವಿನ ಸುದ್ದಿ ಬಂದ ವಾರಾನೇ ಸರ್ ಫುಲ್ಕ್ ಹ್ಯಾಡನ್ ಅನ್ನೋನನ್ನ ತಾಮ್ರದ ತಗಡಿನ ಮೇಲೆ ಕೊರೆಯೋಕೆ ಹೇಳಿದ್ರು. ನಾನೂರು ವರ್ಷದ ಹಿಂದೆ ಸತ್ತೋನು. "ಮುಖ ಹೇಗಿತ್ತು ಧಣೀ?" ಅಂದೆ.

"ನಮ್ಮನೆಗೆ ಊಟಕ್ಕೆ ಬರ್ತಿದ್ನೇನೋ ಅವನು? ಯಾವುದೋ ಗಂಡಸಿನ ಮುಖ ಇಡು."

ಅಪ್ಪನ ಮುಖ ಇಟ್ಟೆ. ಕುದುರೆ, ಕವಚ, ಕತ್ತಿ, ಮೇಲೆ ತವರದ ಗಣಿ ಅಗೆಯೋ ನಮ್ಮಪ್ಪ! ಕೊಂಡೋರೆಲ್ಲಾ "ಕಣ್ಣಲ್ಲಿ ಏನು ಶೌರ್ಯ!" ಅಂತಿದ್ರು. ತಗಡು ಎಲ್ಲಿ ಹೋಗುತ್ತೆ, ಬೇಕಾದಾಗ ಅಚ್ಚು ತೆಗೀಬಹುದು ಅಂತ ನಾನೊಂದು ಪ್ರತಿ ಇಟ್ಕೊಳ್ಳಲೇ ಇಲ್ಲ.

ಹೋದ ಸೋಮವಾರ ಧಣಿ ಓಡೋಡಿ ಬಂದ್ರು. ಜಾಸ್ಪರ್ ಲೀಮ್ ಅನ್ನೋ ಕರ್ನಲ್ ಯುದ್ಧ ಗೆದ್ದಿದಾನೆ, ರಾಜರು ಸರ್ ಪದವಿ ಕೊಟ್ಟಿದಾರೆ, ಶನಿವಾರದೊಳಗೆ ಚಿತ್ರ ಅಂಗಡೀಲಿರಬೇಕು. "ಆ ಹಳೇ ತಗಡಲ್ಲೇ ಫುಲ್ಕ್‌ನ ತಲೆ ಕೆರೆದು ಲೀಮ್ ತಲೆ ಹಾಕು."

"ಈಗ ಕವಚ ಯಾರು ಹಾಕ್ತಾರೆ ಧಣೀ?"

"ಜನಕ್ಕೆ ಸರದಾರ ಅಂದ್ರೆ ಕವಚ ಬೇಕು, ಪೆದ್ದ. ಹಳೇ ಪ್ರತಿ ಉಳಿದಿದ್ದನ್ನೆಲ್ಲಾ ಒಲೆಗೆ ಹಾಕಿದೀನಿ. ಅದೇ ಕುದುರೆ ಅಂತ ಗೊತ್ತಾದ್ರೆ ಮಾನ ಹೋಗುತ್ತೆ."

"ಕೆರೆಯೋಕೆ ಮುಂಚೆ ಒಂದೇ ಒಂದು ಅಚ್ಚು ತೆಗೀತೀನಿ, ನಮ್ಮಕ್ಕನಿಗೆ" ಅಂದೆ.

"ನಿಮ್ಮಕ್ಕನಿಗೆ ಫುಲ್ಕ್ ಏನಾಗ್ಬೇಕು?"

"ಅಪ್ಪ."

ಅಚ್ಚು ಯಂತ್ರದ ಟೋಬಿಟ್ ತಾತ ಕೈ ನಿಲ್ಲಿಸಿದ. ಧಣಿ ಹೊಟ್ಟೆ ಹಿಡ್ಕೊಂಡು ನಕ್ಕರು. "ಅಯ್ಯೋ ಕಳ್ಳ! ಗಣಿಯೋನನ್ನ ಮೂರು ಜನ ಡ್ಯೂಕ್‌ಗಳ ಗೋಡೆ ಮೇಲೆ ಕೂರಿಸಿಬಿಟ್ಯಲ್ಲೋ!" ಆಮೇಲೆ ನಗು ನಿಂತೋಯ್ತು. "ಒಳ್ಳೇ ಕಾಗದ ತಗೋ. ಲಂಡನ್ನಲ್ಲಿ ಮಾತ್ರ ಯಾರಿಗೂ ತೋರಿಸ್ಬೇಡ."

ಟೋಬಿಟ್ ತಾತಾನೇ ಉಸಿರು ಬಿಗಿಹಿಡಿದು ಅಚ್ಚು ತೆಗೆದ. ಆಮೇಲೆ ನಾನು ಕೆರೆದೆ. ಗಡ್ಡ ಮೊದಲು ಹೋಯ್ತು, ಕಣ್ಣು ಕೊನೇಗೆ. ಕೆರೆದ ಕಡೆ ತಗ್ಗಾಗಿದ್ದ ತಗಡನ್ನ ಹಿಂದಿನಿಂದ ಸುತ್ತಿಗೇಲಿ ತಟ್ಟಿ ಸಮ ಮಾಡಿದೆ. ಶನಿವಾರ ಲೀಮ್ ಸಾಹೇಬ್ರು ಕುದುರೆ ಹತ್ತಿದ್ರು.

ಈ ಕಾಗದದ ಜೊತೆ ಅಪ್ಪ ಬರ್ತಿದಾರೆ. ಒಲೆ ಹತ್ರ ತೂಗುಹಾಕ್ಬೇಡ, ಹೊಗೆ ಹಿಡಿಯುತ್ತೆ. ಕೆರೆನ್ಸಾ ನೂರು ವರ್ಷ ನಗ್ತಾ ಇರ್ಲಿ. ದೇವರು ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ತಮ್ಮ,
ಜೋರಿ

ಮರೆತಿದ್ದೆ: "ಅಪ್ಪ ಇದರಲ್ಲಿ ಯಾಕೋ ಇಷ್ಟು ಕೋಪದಲ್ಲಿ ಉರೀತಿದಾರೆ?" ಅಂತ ಕೇಳ್ತೀಯ. ಜನ ಶೌರ್ಯ ಅಂದಿದ್ದು ಅದನ್ನೇ. ನಾನು ಮನೆ ಬಿಟ್ಟ ದಿನ "ಹೋಗು, ಈ ಹೊಸ್ತಿಲು ತುಳೀಬೇಡ" ಅಂದ್ರಲ್ಲ, ಆ ಮುಖ. ಎಷ್ಟು ಸಲ ಕೂತ್ರೂ ಕೈಗೆ ಬೇರೆ ಮುಖ ಬರಲ್ಲ ಅಕ್ಕಾ. ನಗುವಾಗ ಅಪ್ಪ ಹೇಗಿರ್ತಿದ್ರು, ನಿನಗೆ ಜ್ಞಾಪಕ ಇದ್ರೆ ಬರಿ.